ಗಂಡಸಮುದ್ರದ ಅರಸ

ಮಕ್ಕಳೇ, ನಿಮ್ಮ ಊರಿನಲ್ಲಿ ಕೆರೆ ಇದೆಯೇ? ಅದರ ದಂಡೆಯ ಮೇಲೆ ಗುಡಿ ಇದೆಯೇ? ನಮ್ಮ ಮಿರಜ ಸೀಮೆಯ ಒಂದು ಹಳೆಯ ಕೆರೆಯ ಕತೆ ಕೇಳಿರಿ.

ಸುಮಾರು ಒಂಬತ್ತು ನೂರು ವರ್ಷಗಳ ಹಿಂದೆ ಮಿರಜ, ಕೊಲ್ಲಾಪುರ ಸೀಮೆಯನ್ನು ಗಂಡರಾದಿತ್ಯನು ಆಳುತ್ತಿದ್ದನು. ಅವನು ಶಿಲಾಹಾರ ವಂಶದ ಅರಸ. ಅವನ ತಂದೆ ಮಾರಸಿಂಹ. ಅಣ್ಣಂದಿರ ನಂತರ ಗಂಡರಾದಿತ್ಯನು ಪಟ್ಟಕ್ಕೆ ಬಂದನು. 1110ರಿಂದ 1135ರವರೆಗಿನ ಅವನ ಶಾಸನಗಳು ದೊರೆತಿವೆ. ಅವುಗಳಲ್ಲಿ ಕೆಲವು ನಮ್ಮ ಕನ್ನಡದಲ್ಲಿವೆ!

ಮಳೆ ಬಾರದಿದ್ದರೆ ಜನರೂ ದನಕರುಗಳೂ ನೀರಿಗಾಗಿ ಎಷ್ಟು ಕಷ್ಟಪಡುತ್ತಾರೆಂಬುದು ನಿಮಗೆ ಗೊತ್ತು. ಗಂಡರಾದಿತ್ಯನು ಮಿರಜ ನಾಡಿನ ಇರುಕುಡಿಯಲ್ಲಿ ಕೆರೆ ಕಟ್ಟಿಸಿದನು. ಅದಕ್ಕೆ ಗಂಡಸಮುದ್ರವೆಂದು ಹೆಸರಾಯಿತು.

ಆ ದಂಡೆಯ ಮೇಲೆ ಅರಸನು ಯಾವ ದೇವರನ್ನು ಇರಿಸಿದನು ಗೊತ್ತೇ? ಶಿವ, ಬುದ್ಧ, ಜಿನ ಮೂವರನ್ನೂ ಇರಿಸಿದನು. ಅವನ ಮನೆತನದವರು ಕೊಲ್ಲಾಪುರದ ಮಹಾಲಕ್ಷ್ಮಿಯ ಭಕ್ತರು. ಅವನ ಸಾಮಂತ ನಿಂಬದೇವನು ಜೈನ. ಅವನು ಕೊಲ್ಲಾಪುರದಲ್ಲಿ ಬಸದಿ ಕಟ್ಟಿಸಿದನು. ಅರಸನು ಯಾವ ಮತದವರನ್ನೂ ದೂರ ಇಡಲಿಲ್ಲ.

ಕೆರೆಯ ನೀರು ಕುಡಿಯುವವರ ಜಾತಿ, ಮತ ಕೇಳುವುದಿಲ್ಲ. ಆ ಅರಸನೂ ಹಾಗೆಯೇ ಬಾಳಿದನು. ನಿಮ್ಮೂರಿನ ಕೆರೆಯನ್ನು ಕಟ್ಟಿಸಿದವರು ಯಾರು? ಮನೆಯ ಹಿರಿಯರನ್ನು ಕೇಳಿ ತಿಳಿಯಿರಿ.