ಎಣ್ಣೆಯ ವಾಸನೆಗೆ ಬಂದ ಗಂಡು ನೊಣಗಳು: ಹೌಲೆಟ್ ಮತ್ತು ಮಾವಿನ ಹಣ್ಣುನೊಣ

ಹೊರಗೆ ನೋಡಿದರೆ ಚೆಂದದ ಮಾವಿನ ಹಣ್ಣು, ಕೊಯ್ದರೆ ಒಳಗೆ ಬಿಳಿ ಹುಳು. ಇದು ಹಣ್ಣುನೊಣದ ಕೆಲಸ. ಹೆಣ್ಣು ನೊಣ ಬಲಿತ ಕಾಯಿಯ ಸಿಪ್ಪೆ ಚುಚ್ಚಿ ಅದರಡಿ ಮೊಟ್ಟೆ ಇಡುತ್ತದೆ. ಮರಿಹುಳು ತಿರುಳು ಸೇರಿದ ಮೇಲೆ ಹೊರಗಿನಿಂದ ಔಷಧ ಹೊಡೆದು ಹಣ್ಣು ಉಳಿಸಲಾಗದು. ಹಾಗಾಗಿ ನೊಣ ತೋಟಕ್ಕೆ ಬಂದದ್ದು ಮೊದಲೇ ಗೊತ್ತಾಗಬೇಕು. ಅದಕ್ಕೆ ದಾರಿ ತೋರಿದವರು ಫ್ರಾಂಕ್ ಮಿಲ್ಬರ್ನ್ ಹೌಲೆಟ್.

1877ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಹೌಲೆಟ್, ಬಿಹಾರದ ಪೂಸಾದಲ್ಲಿದ್ದ ಕೃಷಿ ಸಂಶೋಧನಾ ಸಂಸ್ಥೆಗೆ ಕೀಟತಜ್ಞರಾಗಿ ಬಂದರು. 1909ರಲ್ಲಿ ಪ್ರಕಟವಾದ 'ಇಂಡಿಯನ್ ಇನ್ಸೆಕ್ಟ್ ಲೈಫ್' ಗ್ರಂಥದಲ್ಲಿ ಮ್ಯಾಕ್ಸ್‌ವೆಲ್ ಲೆಫ್ರಾಯ್ ಅವರೊಂದಿಗೆ ಕೈಜೋಡಿಸಿದರು.

ಪೂಸಾದಲ್ಲಿ ನೆರೆಯವರೊಬ್ಬರು ಸೊಳ್ಳೆ ಓಡಿಸಲು ಸಿಟ್ರೊನೆಲ್ಲಾ ಎಣ್ಣೆ ಬಳಸುತ್ತಿದ್ದರು. ಆ ವಾಸನೆಗೆ ಹಣ್ಣುನೊಣಗಳು ಮುತ್ತುತ್ತಿದ್ದವು. ಬೇರೆಯವರಾದರೆ ನೊಣಗಳನ್ನು ಅಟ್ಟಿ ಸುಮ್ಮನಾಗುತ್ತಿದ್ದರೇನೋ. ಹೌಲೆಟ್ ಅವುಗಳನ್ನು ಹಿಡಿದು ಪರೀಕ್ಷಿಸಿದರು. ಬಂದವೆಲ್ಲ ಗಂಡುಗಳೇ! 1912ರಲ್ಲಿ ಈ ಬಗ್ಗೆ ಬರೆದ ಅವರು, ಎಣ್ಣೆಯ ಘಟಕಗಳನ್ನು ಒಂದೊಂದಾಗಿ ಪರೀಕ್ಷಿಸುತ್ತಾ ಹೋದರು. 1915ರ ಹೊತ್ತಿಗೆ ಮೀಥೈಲ್ ಯೂಜಿನಾಲ್ ಎಂಬ ವಸ್ತುವಿನ ಸೆಳೆತ ಬಯಲಾಯಿತು. ನಮ್ಮ ಮನೆಯಂಗಳದ ತುಳಸಿಯಲ್ಲೂ ಇದು ಇದೆ.

1920ರಲ್ಲಿ ಮಸ್ಸೂರಿಯಲ್ಲಿ ಹೌಲೆಟ್ ತೀರಿಕೊಂಡರು. ಆಗಿನ್ನೂ ಅವರಿಗೆ ಐವತ್ತೂ ಆಗಿರಲಿಲ್ಲ. ತಮ್ಮ ಶೋಧ ಎಷ್ಟು ದೂರ ಹೋಗುತ್ತದೆಂದು ನೋಡಲು ಅವರಿರಲಿಲ್ಲ. ಮುಂದೆ ಹವಾಯಿಯ ವಿಜ್ಞಾನಿಗಳು ಇದೇ ವಸ್ತುವಿಗೆ ಕೀಟನಾಶಕ ಬೆರೆಸಿ ಬಳಸಿದರು. 1960ರ ದಶಕದಲ್ಲಿ ಪೆಸಿಫಿಕ್‌ನ ರೋಟಾ ದ್ವೀಪದಿಂದ ಈ ನೊಣವನ್ನೇ ನಿರ್ಮೂಲ ಮಾಡಲಾಯಿತು.

ಇಂದು ಕೋಲಾರದ ಶ್ರೀನಿವಾಸಪುರದಂಥ ಮಾವಿನ ಸೀಮೆಯಲ್ಲಿ ಮರಕ್ಕೆ ತೂಗುಬಿಡುವ ಬಲೆಯೊಳಗೂ ಇದೇ ವಸ್ತುವಿರುತ್ತದೆ. ಇದನ್ನು ಹಲವರು ಹೆಣ್ಣು ನೊಣದ ವಾಸನೆ ಎಂದುಕೊಂಡಿದ್ದಾರೆ. ಅದು ತಪ್ಪು, ಇದು ಗಿಡಗಳಲ್ಲಿರುವ ವಸ್ತು. ಬಲೆ ತುಂಬಿತೆಂದರೆ ತೋಟ ಗೆದ್ದಿತು ಎಂಬುದೂ ತಪ್ಪು. ಸಿಕ್ಕಿದ್ದು ಗಂಡು, ಮೊಟ್ಟೆ ಇಡುವ ಹೆಣ್ಣು ಹೊರಗೇ ಇರಬಹುದು. ವಾರಕ್ಕೊಮ್ಮೆ ಬಲೆಯ ನೊಣ ಎಣಿಸಿ ಬರೆದಿಡಿ. ಕಾಯಿ ಬಲಿಯುವಾಗ, ಮುಂಗಾರಿನ ಮೊದಲ ಮಳೆಯ ಹೊತ್ತಿಗೆ ಲೆಕ್ಕ ಏರಿದರೆ ಅದೇ ಎಚ್ಚರಿಕೆ. ಉದುರಿದ ಹಣ್ಣನ್ನು ಆರಿಸಿ ಆಳವಾಗಿ ಹೂಳಿ, ಬಲಿತ ಕಾಯಿಯನ್ನು ತಡಮಾಡದೆ ಕಿತ್ತುಬಿಡಿ.