ಬಿಡುವಿನ ವೇಳೆಯ ದಂಡನಾಯಕ

ಸೈನಿಕರಲ್ಲಿ ಎರಡು ಬಗೆಯವರುಂಟು. ಸೈನ್ಯವನ್ನೇ ವೃತ್ತಿಯಾಗಿ ಹಿಡಿದು ವರ್ಷದ 365 ದಿನವೂ ಸಮವಸ್ತ್ರದಲ್ಲಿರುವವರು ಒಂದು ಬಗೆ. ಹೊಲದಲ್ಲೋ ಅಂಗಡಿಯಲ್ಲೋ ಕಛೇರಿಯಲ್ಲೋ ದುಡಿದು, ಸಂಜೆಯ ಹೊತ್ತು ಮತ್ತು ರಜೆಯ ದಿನಗಳಲ್ಲಿ ಕವಾಯತು ಕಲಿತು, ಕರೆ ಬಂದಾಗ ಬಂದೂಕು ಹಿಡಿಯುವವರು ಇನ್ನೊಂದು ಬಗೆ. ಮೊದಲನೆಯವರಿಗೆ ಲೋಕವು ತಲೆಬಾಗುತ್ತದೆ. ಅದು ನ್ಯಾಯವೇ ಸರಿ. ಎರಡನೆಯವರನ್ನು ಕಂಡಾಗ ಮಾತ್ರ ಅದೇ ಲೋಕವು ಮುಸಿಮುಸಿ ನಗುತ್ತದೆ. ಇವರೇನು ಸೈನಿಕರು, ವೇಷ ಹಾಕಿದವರು ಎಂಬ ಭಾವ ಆ ನಗುವಿನಲ್ಲಿರುತ್ತದೆ. ಈ ಎರಡನೆಯ ಬಗೆಯಲ್ಲಿ ಹುಟ್ಟಿ, 30 ವರ್ಷ ಬಿಡುವಿನ ವೇಳೆಯ ಸಿಪಾಯಿಯಾಗಿಯೇ ಬೆಳೆದು, ಕೊನೆಗೆ ಫ್ರಾನ್ಸಿನಲ್ಲಿದ್ದ ತನ್ನ ದೇಶದ ಯುದ್ಧಸೈನ್ಯಕ್ಕೆ ನಾಯಕನಾದ ಆಸ್ಟ್ರೇಲಿಯಾದ ಸರ್ ಜಾನ್ ಮೊನಾಷನ ಚರಿತ್ರೆಯನ್ನು ನನ್ನ ಅಲ್ಪಮತಿಗೆ ತಿಳಿದ ಮಟ್ಟಿಗೆ ವಾಚಕರ ಮುಂದಿಡುತ್ತೇನೆ.

ಮೊನಾಷನು 1865ನೆಯ ಇಸವಿ ಜೂನ್ 27ರಂದು ಮೆಲ್ಬರ್ನ್ ನಗರದಲ್ಲಿ ಹುಟ್ಟಿದನು. ತಂದೆತಾಯಿಗಳು ಪ್ರಷ್ಯ ದೇಶದಿಂದ ವಲಸೆ ಬಂದ ಯೆಹೂದಿಗಳು. ತಂದೆಯದು ವ್ಯಾಪಾರ, ಅದೂ ಏಳುಬೀಳಿನ ವ್ಯಾಪಾರ. ಜೆರಿಲ್ಡೆರಿ ಎಂಬ ಹಳ್ಳಿಯಂಥ ಊರಿನಲ್ಲಿ ಅಂಗಡಿಯಿಟ್ಟು ಸಂಸಾರ ನಡೆಸುತ್ತಿದ್ದ ಕಾಲದಲ್ಲಿ ಹುಡುಗನ ಚುರುಕುಬುದ್ಧಿಯನ್ನು ಕಂಡ ಶಾಲೆಯ ಉಪಾಧ್ಯಾಯನು ಇವನನ್ನು ಪಟ್ಟಣಕ್ಕೆ ಕಳುಹಿಸಿ ಓದಿಸಬೇಕೆಂದು ಹೇಳಿದನಂತೆ. ತಾಯಿ ಮಕ್ಕಳನ್ನು ಕರೆದುಕೊಂಡು ಮೆಲ್ಬರ್ನಿಗೆ ಮರಳಿದಳು. ತಂದೆ ಅಂಗಡಿಯಲ್ಲೇ ಉಳಿದನು. ಮಕ್ಕಳ ಓದಿಗಾಗಿ ಸಂಸಾರ ಎರಡು ಕಡೆ ಹಂಚಿಹೋಗುವ ಸಂಕಟ ನಮ್ಮ ನಾಡಿನ ಎಷ್ಟೋ ಮನೆಗಳಿಗೆ ಗೊತ್ತಿರುವುದೇ. 1881ರಲ್ಲಿ ಆ ಹುಡುಗನು ಸ್ಕಾಚ್ ಕಾಲೇಜೆಂಬ ಶಾಲೆಯಲ್ಲಿ ಮೊದಲ ಸ್ಥಾನವನ್ನು ಇನ್ನೊಬ್ಬನೊಡನೆ ಹಂಚಿಕೊಂಡು ತಾಯಿಯ ಶ್ರಮವನ್ನು ಸಾರ್ಥಕಗೊಳಿಸಿದನು.

ಆದರೆ ವಿಶ್ವವಿದ್ಯಾನಿಲಯದ ಮೊದಲ ವರ್ಷದಲ್ಲೇ ಅವನು ನಪಾಸಾದನು. ತರಗತಿಗಳನ್ನು ಬಿಟ್ಟು ಪುಸ್ತಕಾಲಯದಲ್ಲಿಯೂ ನಾಟಕಶಾಲೆಯಲ್ಲಿಯೂ ಕಾಲ ಕಳೆದುದರ ಫಲವದು. ಮುಂದೆ ಚೇತರಿಸಿಕೊಂಡನು, ಆದರೆ 1885ರಲ್ಲಿ ತಾಯಿ ತೀರಿಕೊಂಡಳು. ಮನೆಯಲ್ಲಿ ಹಣವಿರಲಿಲ್ಲ. ಓದನ್ನು ಅರ್ಧಕ್ಕೆ ನಿಲ್ಲಿಸಿ ಸೇತುವೆಯ ಕೆಲಸಕ್ಕೆ ಸೇರಿದನು. ಬಳಿಕ ಒಂದು ರೈಲುಮಾರ್ಗದ ನಿರ್ಮಾಣವನ್ನು ನೋಡಿಕೊಂಡನು. ದುಡಿಯುತ್ತಲೇ ಓದಿ 1891ರಲ್ಲಿ ಇಂಜಿನಿಯರಿಂಗ್ ಪದವಿಯನ್ನೂ, 1893ರಲ್ಲಿ ಅದರಲ್ಲಿಯೇ ಉನ್ನತ ಪದವಿಯನ್ನೂ, 1895ರಲ್ಲಿ ಕಲೆ ಮತ್ತು ಕಾನೂನು ಪದವಿಗಳನ್ನೂ ಪಡೆದನು. ಕಲಾ ವಿಭಾಗದ ವಿದ್ಯಾರ್ಥಿಗಳಾದ ನಾವು ಈ ಕೊನೆಯ ಸಂಗತಿಯನ್ನು ಸ್ವಲ್ಪ ಹೆಮ್ಮೆಯಿಂದ ನೆನೆಯಬಹುದು.

ಸೈನ್ಯದ ನಂಟು ಬೆಳೆದುದು ವಿದ್ಯಾರ್ಥಿದೆಸೆಯಲ್ಲಿಯೇ. 1884ರಲ್ಲಿ ವಿಶ್ವವಿದ್ಯಾನಿಲಯದ ಹುಡುಗರ ಸ್ವಯಂಸೇವಕ ತುಕಡಿಯೊಂದಕ್ಕೆ ಅವನು ಸೇರಿದನು. ಆ ತುಕಡಿ ಮುಚ್ಚಿಹೋದ ಮೇಲೆ, 1887ರಲ್ಲಿ, ಉತ್ತರ ಮೆಲ್ಬರ್ನಿನ ಫಿರಂಗಿ ದಳದಲ್ಲಿ ಕಿರಿಯ ಅಧಿಕಾರಿಯಾದನು. ಹಗಲೆಲ್ಲ ಇಂಜಿನಿಯರ ಕೆಲಸ, ಸಂಜೆ ಕವಾಯತು, ಈಸ್ಟರ್ ಹಬ್ಬದ ರಜೆಯಲ್ಲಿ ಸೈನಿಕ ಶಿಬಿರ. ಹೀಗೆ ಒಂದಲ್ಲ, ಎರಡಲ್ಲ, ಸುಮಾರು 30 ವರ್ಷ. ಅದರಲ್ಲಿ 11 ವರ್ಷ ಅದೇ ಫಿರಂಗಿ ದಳದ ಮುಖ್ಯಾಧಿಕಾರಿಯಾಗಿದ್ದನು. 1913ರಲ್ಲಿ ಕರ್ನಲ್ ಪದವಿಗೇರಿ ನಾಗರಿಕ ಸೈನ್ಯದ ಒಂದು ಬ್ರಿಗೇಡಿನ ಅಧಿಪತಿಯಾದನು. ಈ ಅವಧಿಯಲ್ಲಿ ಅವನು ನಿಜವಾದ ಯುದ್ಧವನ್ನು ಒಂದು ಸಲವೂ ಕಂಡಿರಲಿಲ್ಲ.

ಹೊಟ್ಟೆಪಾಡಿನ ಕಸುಬಿನಲ್ಲಿ ಅವನು ಕಬ್ಬಿಣದ ಸರಳು ಹಾಕಿದ ಕಾಂಕ್ರೀಟಿನ ಬಳಕೆಯನ್ನು ತನ್ನ ನಾಡಿನಲ್ಲಿ ಬೆಳೆಸಿದವರಲ್ಲಿ ಪ್ರಮುಖನು. ಅಲ್ಲಿಯೂ ಏಳುಬೀಳು ತಪ್ಪಲಿಲ್ಲ. 1901ರಲ್ಲಿ ಅವನ ಸಂಸ್ಥೆ ಕಟ್ಟಿದ ಸೇತುವೆಯೊಂದು ಪರೀಕ್ಷೆಯ ಸಮಯದಲ್ಲಿ ಕುಸಿದು ಒಬ್ಬನು ಸತ್ತನು. ಸಂಸ್ಥೆಯೇ ಅದನ್ನು ಸ್ವಂತ ಖರ್ಚಿನಲ್ಲಿ ಮತ್ತೆ ಕಟ್ಟಬೇಕಾಯಿತು. ಸಾಲದ ಹೊರೆಯಿಂದ ಹೊರಬರಲು ವರ್ಷಗಳೇ ಹಿಡಿದವು. ಲೆಕ್ಕ ತಪ್ಪಿದರೆ ಸೇತುವೆ ಬೀಳುತ್ತದೆ, ಜನ ಸಾಯುತ್ತಾರೆ. ಈ ಪಾಠವನ್ನು ಯಾವ ಸೈನಿಕ ಶಾಲೆಯೂ ಅವನಿಗೆ ಇದಕ್ಕಿಂತ ಗಟ್ಟಿಯಾಗಿ ಕಲಿಸುತ್ತಿರಲಿಲ್ಲ.

ಈ ಚರಿತ್ರೆ ನನ್ನ ಮನಸ್ಸನ್ನು ಏಕೆ ಸೆಳೆಯಿತೆಂಬುದನ್ನು ಇಲ್ಲಿ ಹೇಳಬೇಕು. ನಮ್ಮ ತಂದೆಯವರು ಗಾರೆ ಕೆಲಸದವರು. ಜೊತೆಗೆ ಹೋಮ್ ಗಾರ್ಡ್ ಆಗಿಯೂ ಇದ್ದಾರೆ. ಹಗಲು ಸಿಮೆಂಟು ಕಲೆಸಿದ ಕೈಯಲ್ಲೇ ಜಾತ್ರೆಗೆ, ಗಣೇಶನ ಮೆರವಣಿಗೆಗೆ, ಚುನಾವಣೆಗೆ ಲಾಠಿ ಹಿಡಿದು ರಾತ್ರಿಯೆಲ್ಲ ನಿಲ್ಲುತ್ತಾರೆ. ಅವರು ಕೈ ತೋರಿಸಿದರೂ ನಿಲ್ಲಿಸದೆ ಹೋದ ವಾಹನಗಳನ್ನು ನಾನು ಕಂಡಿದ್ದೇನೆ. ನಿಜವಾದ ಪೊಲೀಸರಲ್ಲವಲ್ಲ ಎಂದು ಆಡಿಕೊಂಡವರ ಮಾತು ನನ್ನ ಕಿವಿಗೂ ಬಿದ್ದಿದೆ. ತಂದೆಯವರು ಅದಕ್ಕೆ ಬೇಸರಪಟ್ಟವರಲ್ಲ. ರಾತ್ರಿ ಬಂದೋಬಸ್ತು ಮುಗಿಸಿ ಬಂದು, ಖಾಕಿ ಅಂಗಿಯನ್ನು ಮಡಿಚಿ ಪೆಟ್ಟಿಗೆಯ ಮೇಲಿಟ್ಟು, ಮತ್ತೆ ಕರಣೆ ಹಿಡಿದು ಹೊರಡುತ್ತಾರೆ. ನನಗೆ ಮಾತ್ರ ಬೇಸರವಾಗುತ್ತಿತ್ತು. ಕಾಂಕ್ರೀಟಿನ ಕೆಲಸದವನೊಬ್ಬನು ಖಾಕಿ ಧರಿಸಿ ಇಂಥ ಮಾತುಗಳನ್ನು ದಾಟಿ ಬಂದ ಕಥೆಯನ್ನು ಕಾಲೇಜಿನ ಪುಸ್ತಕಭಂಡಾರದಲ್ಲಿ ಓದಿದಾಗ, ಇದನ್ನು ನಾಲ್ಕು ಜನರಿಗೆ ತಿಳಿಸಬೇಕೆನ್ನಿಸಿತು.

1914ರಲ್ಲಿ ಮಹಾಯುದ್ಧ ಆರಂಭವಾಯಿತು. ಆಸ್ಟ್ರೇಲಿಯಾದ ಖಾಯಂ ಸೈನ್ಯ ಬಹಳ ಚಿಕ್ಕದು. ಅಲ್ಲಿಯ 1903ರ ರಕ್ಷಣಾ ಕಾಯಿದೆಯ ಪ್ರಕಾರ ನಾಗರಿಕ ಸೈನಿಕರನ್ನು ಬಲವಂತವಾಗಿ ಹೊರದೇಶದ ಯುದ್ಧಕ್ಕೆ ಕಳುಹಿಸುವಂತಿರಲಿಲ್ಲ. ಆದುದರಿಂದ ತಾವಾಗಿ ಮುಂದೆ ಬಂದವರಿಂದಲೇ ಹೊಸದೊಂದು ಸೈನ್ಯವನ್ನು ಕಟ್ಟಿದರು. ಗುಮಾಸ್ತರು, ಕುರಿ ಸಾಕುವವರು, ಬಡಗಿಗಳು, ಉಪಾಧ್ಯಾಯರು ಅದರಲ್ಲಿ ತುಂಬಿದರು. ಅದರ 4ನೆಯ ಬ್ರಿಗೇಡಿನ ನಾಯಕತ್ವ 49 ವರ್ಷದ ಮೊನಾಷನಿಗೆ ದೊರೆಯಿತು. ಆಗಲೂ ಮಾತುಗಳು ಬಂದವು. ಇವನು ಖಾಯಂ ಸೈನಿಕನಲ್ಲ, ಯೆಹೂದಿ, ಮೇಲಾಗಿ ಶತ್ರುದೇಶದ ಮೂಲದವನು ಎಂಬ ಆಕ್ಷೇಪಗಳು ಕಡೆಯವರೆಗೂ ಅವನ ಬೆನ್ನು ಬಿಡಲಿಲ್ಲ.

1915ರ ಏಪ್ರಿಲ್ ತಿಂಗಳಲ್ಲಿ ತುರ್ಕಿಯ ಗ್ಯಾಲಿಪೊಲಿ ತೀರದಲ್ಲಿ ಅವನು ಮೊದಲ ಬಾರಿ ಯುದ್ಧವನ್ನು ಕಂಡನು. ಆಗಸ್ಟ್ ತಿಂಗಳಿನಲ್ಲಿ ಅವನ ಬ್ರಿಗೇಡಿಗೂ ನಮ್ಮ ದೇಶದ 29ನೆಯ ಭಾರತೀಯ ಬ್ರಿಗೇಡಿಗೂ ಒಂದೇ ದಿಕ್ಕಿನಲ್ಲಿ ಬೆಟ್ಟಗಳನ್ನೇರುವ ಕೆಲಸ ಬಿತ್ತು. ಕತ್ತಲಲ್ಲಿ, ಸರಿಯಾದ ನಕ್ಷೆಯಿಲ್ಲದ ಕೊರಕಲುಗಳಲ್ಲಿ, ಕಾಯಿಲೆಯಿಂದ ಸೊರಗಿದ ಜನರೊಡನೆ ನಡೆದ ಆ ದಾಳಿ ಸೋತಿತು. ಮೊನಾಷನ ನಾಯಕತ್ವವನ್ನು ಟೀಕಿಸಿದವರು ಆಗಲೂ ಇದ್ದರು, ಇಂದಿಗೂ ಇದ್ದಾರೆ. ಈ ಸೋಲನ್ನು ಮುಚ್ಚಿಟ್ಟು ಅವನನ್ನು ಹೊಗಳುವುದು ಸರಿಯಲ್ಲ. ಬಿಡುವಿನ ವೇಳೆಯ ಅಭ್ಯಾಸದಿಂದ ಎಲ್ಲವೂ ಬರುವುದಿಲ್ಲವೆಂಬ ಖಾಯಂ ಸೈನಿಕರ ವಾದದಲ್ಲಿ ನಿಜಾಂಶವಿದೆ. ಆದರೆ ಅದೇ ಬೆಟ್ಟಗಳಲ್ಲಿ ಜೀವನವೆಲ್ಲ ಸೈನ್ಯದಲ್ಲೇ ಕಳೆದ ದೊಡ್ಡ ದೊಡ್ಡ ಜನರಲ್‌ಗಳೂ ಸೋತರೆಂಬುದು ಅಷ್ಟೇ ನಿಜ.

1916ರಲ್ಲಿ ಮೊನಾಷನು ಮೇಜರ್ ಜನರಲ್ ಆಗಿ 3ನೆಯ ಡಿವಿಷನ್ನಿನ ಹೊಣೆ ಹೊತ್ತು, ಇಂಗ್ಲೆಂಡಿನಲ್ಲಿ ಅದಕ್ಕೆ ತರಬೇತಿ ಕೊಟ್ಟು ಫ್ರಾನ್ಸಿಗೆ ಕರೆದೊಯ್ದನು. 1917ರ ಮೆಸೀನ್ ಯುದ್ಧದಲ್ಲಿ ಗೆಲುವು ದೊರೆಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಪಾಶೆಂಡೇಲಿನ ಕೆಸರಿನಲ್ಲಿ ಘೋರ ನಷ್ಟವಾಯಿತು. 1918ರ ಬೇಸಗೆಯಲ್ಲಿ ಫ್ರಾನ್ಸಿನಲ್ಲಿದ್ದ ಆಸ್ಟ್ರೇಲಿಯಾದ ಐದು ಡಿವಿಷನ್ನುಗಳೂ ಸೇರಿದ ಕೋರ್ ಸೈನ್ಯಕ್ಕೆ ಅವನನ್ನೇ ನಾಯಕನೆಂದು ಆರಿಸಿದರು.

ಈ ಸುದ್ದಿ ತಿಳಿದೊಡನೆ ಚಾರ್ಲ್ಸ್ ಬೀನ್ ಮತ್ತು ಕೀತ್ ಮರ್ಡಾಕ್ ಎಂಬ ಇಬ್ಬರು ಪ್ರಭಾವಶಾಲಿ ಪತ್ರಕರ್ತರು ಆ ನೇಮಕವನ್ನು ಬದಲಿಸಲು ಓಡಾಡಿದರು. ಆ ಸ್ಥಾನವು ಬ್ರೂಡೆನೆಲ್ ವೈಟ್ ಎಂಬ ಖಾಯಂ ಸೈನ್ಯದ ಅಧಿಕಾರಿಗೆ ಸಲ್ಲಬೇಕೆಂಬುದು ಅವರ ಹಟ. ವೈಟನು ಸಮರ್ಥನೆಂಬುದರಲ್ಲಿ ಸಂಶಯವಿರಲಿಲ್ಲ. ಆದರೆ ಅವನು ಈ ತಂತ್ರಕ್ಕೆ ಕೈಗೂಡಿಸಲಿಲ್ಲ. ಪ್ರಧಾನಮಂತ್ರಿ ಹ್ಯೂಸ್ ತಾನೇ ರಣರಂಗಕ್ಕೆ ಬಂದು ಸೇನಾಧಿಕಾರಿಗಳನ್ನು ವಿಚಾರಿಸಿದನು. ಅವರು ಮೊನಾಷನ ಪಕ್ಷವನ್ನೇ ಹಿಡಿದರು. ತಾನು ಆಗ ತಪ್ಪಿದೆನೆಂಬುದನ್ನು ಬೀನನು ಬಹಳ ವರ್ಷಗಳ ಮೇಲೆ ಒಪ್ಪಿಕೊಂಡನು.

ಮಾತಿಗೆ ಉತ್ತರ ಸಿಕ್ಕಿದ್ದು 1918ರ ಜುಲೈ 4ರಂದು, ಹಮೆಲ್ ಎಂಬ ಗ್ರಾಮದಲ್ಲಿ. ಮೊನಾಷನು ಆ ಯುದ್ಧವನ್ನು ಸೇತುವೆಯೊಂದರ ನಿರ್ಮಾಣದಂತೆ ಯೋಜಿಸಿದನು. ಕಾಲಾಳು, ಫಿರಂಗಿ, ಟ್ಯಾಂಕು, ವಿಮಾನ ಈ ನಾಲ್ಕೂ ವಿಭಾಗಗಳ ಅಧಿಕಾರಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿ, ನೂರಕ್ಕೂ ಹೆಚ್ಚು ಬಾಬುಗಳನ್ನು ಒಂದೊಂದಾಗಿ ಚರ್ಚಿಸಿದನು. ಹಿಂದಿನ ವರ್ಷ ಟ್ಯಾಂಕುಗಳು ಕೈಕೊಟ್ಟುದರಿಂದ ಅವನ್ನು ನಂಬದೆ ಹೋಗಿದ್ದ ಸೈನಿಕರನ್ನು ಅವುಗಳೊಡನೆ ಬೆರೆಸಿ ಅಭ್ಯಾಸ ಮಾಡಿಸಿದನು. ವಿಮಾನಗಳಿಂದ ಗುಂಡಿನ ಪೆಟ್ಟಿಗೆಗಳನ್ನು ಇಳಿಸುವ ಏರ್ಪಾಡಾಯಿತು. ಸಾವಿರಕ್ಕೂ ಹೆಚ್ಚು ಹಮಾಲರು ಹೊರಬೇಕಾಗಿದ್ದ ಸಾಮಾನನ್ನು ನಾಲ್ಕೇ ಟ್ಯಾಂಕುಗಳು ಸಾಗಿಸಿದವು. 90 ನಿಮಿಷಗಳಲ್ಲಿ ಮುಗಿಯಬೇಕೆಂದು ಅವನು ಲೆಕ್ಕ ಹಾಕಿದ್ದ ಯುದ್ಧವು 93 ನಿಮಿಷಗಳಲ್ಲಿ ಮುಗಿಯಿತು. ಬರಿಯ ಮನುಷ್ಯರ ಎದೆಯನ್ನು ಮಶೀನ್‌ಗನ್ನಿಗೆ ಒಡ್ಡುವ ಬದಲು, ಯಂತ್ರಗಳ ನೆರವಿನಿಂದ ಅವರ ಪ್ರಾಣ ಉಳಿಸಿ ಗೆಲ್ಲಬೇಕೆಂಬ ಅವನ ತತ್ತ್ವ ಅಂದು ಫಲಿಸಿತು. ಇದು ಇಂಜಿನಿಯರನ ವಿವೇಕ. ಅವನ ಕಸುಬು ಅವನ ಸೈನಿಕತನದಿಂದ ಏನನ್ನೂ ಕಳೆದಿರಲಿಲ್ಲ, ಅದಕ್ಕೆ ಕೂಡಿಸಿತ್ತು.

ಆಗಸ್ಟ್ 8ರಂದು ಅಮಿಯಾನ್ ನಗರದ ಮುಂದೆ ಇದೇ ವಿಧಾನವನ್ನು ದೊಡ್ಡ ಪ್ರಮಾಣದಲ್ಲಿ ಅನುಸರಿಸಿದರು. ಆಸ್ಟ್ರೇಲಿಯಾ ಮತ್ತು ಕೆನಡಾ ದೇಶಗಳ ಸೈನ್ಯಗಳು ಪಕ್ಕಪಕ್ಕದಲ್ಲಿ ನುಗ್ಗಿದವು. ಜರ್ಮನ್ ಸೈನ್ಯಕ್ಕೆ ಅದು ಕರಾಳ ದಿನವಾಯಿತು. ಇಲ್ಲಿ ಒಂದು ಸ್ವಾರಸ್ಯವಿದೆ. ಕೆನಡಾ ಸೈನ್ಯದ ನಾಯಕನಾದ ಆರ್ಥರ್ ಕರಿಯೂ ಬಿಡುವಿನ ವೇಳೆಯ ಸೈನಿಕನೇ. ಮೊದಲು ಶಾಲೆಯ ಉಪಾಧ್ಯಾಯನಾಗಿ, ಬಳಿಕ ವಿಮೆ ಮತ್ತು ನಿವೇಶನಗಳ ವ್ಯಾಪಾರ ಮಾಡಿಕೊಂಡಿದ್ದವನು. ಅಂದಿನ ದಾಳಿಯ ಮುಂಚೂಣಿಯಲ್ಲಿದ್ದ ಎರಡು ಸೈನ್ಯಗಳಿಗೂ ಖಾಯಂ ಸೈನಿಕನಲ್ಲದವನೇ ನಾಯಕ! ಆಗಸ್ಟ್ 12ರಂದು ದೊರೆ ಐದನೆಯ ಜಾರ್ಜನು ಬೆರ್ತಾಂಗ್ಲ್ ಎಂಬಲ್ಲಿದ್ದ ಮೊನಾಷನ ಬಿಡಾರಕ್ಕೆ ತಾನೇ ಬಂದು, ಅಂಗಳದಲ್ಲಿ ಅವನಿಗೆ ಸರ್ ಪದವಿಯನ್ನಿತ್ತನು. ಮುಂದೆ ಪೆರೋನ್ ಪಟ್ಟಣ ಕೈವಶವಾಯಿತು. ಅಕ್ಟೋಬರ್ ಆರಂಭದ ವೇಳೆಗೆ ಹಿಂಡೆನ್‌ಬರ್ಗ್ ರಕ್ಷಣಾ ಸಾಲೂ ಮುರಿಯಿತು.

ಹಾಗೆಂದು ಇವೆಲ್ಲ ಖಾಯಂ ಸೈನಿಕರ ಮೇಲೆ ಬಿಡುವಿನ ಸೈನಿಕರು ಸಾಧಿಸಿದ ಗೆಲುವೆಂದು ತಿಳಿಯಬಾರದು. ಮೊನಾಷನ ಯೋಜನೆಗಳನ್ನು ಕಾಗದದ ಮೇಲಿಂದ ರಣರಂಗಕ್ಕೆ ಇಳಿಸಿದ ಅವನ ಸಿಬ್ಬಂದಿಯ ಮುಖ್ಯಸ್ಥ ಥಾಮಸ್ ಬ್ಲೇಮಿಯು ಖಾಯಂ ಸೈನ್ಯದ ಅಧಿಕಾರಿ. ನಮ್ಮ ದೇಶದ ಕ್ವೆಟ್ಟಾ ಸ್ಟಾಫ್ ಕಾಲೇಜಿನಲ್ಲಿ, ದೇಶವಿಭಜನೆಗೆ ಮೊದಲು, ಕಲಿತವನು. ಅವನ ಶಾಸ್ತ್ರಜ್ಞಾನಕ್ಕೆ ಮೊನಾಷನು ಎಂದೂ ಬೆಲೆ ಕೊಡದೆ ಇರಲಿಲ್ಲ. ಒಬ್ಬನದು ಜೀವನವೆಲ್ಲ ಕಲಿತ ಸೈನಿಕ ವಿದ್ಯೆ. ಇನ್ನೊಬ್ಬನದು ಲೋಕದಲ್ಲಿ ಬೆಂದು ಬಂದ ಅನುಭವ. ಇವೆರಡೂ ಒಂದನ್ನೊಂದು ಹೀಗಳೆಯದೆ ಕೂಡಿದುದರಿಂದಲೇ ಕಾರ್ಯ ಕೈಗೂಡಿತು.

ಯುದ್ಧ ಮುಗಿದ ಮೇಲೆ ಸುಮಾರು 1,60,000 ಸೈನಿಕರನ್ನು ಮನೆಗಳಿಗೆ ಹಿಂದಿರುಗಿಸುವ ಭಾರಿ ಕೆಲಸವನ್ನು ಅವನು ನಿರ್ವಹಿಸಿದನು. ಹಡಗಿಗಾಗಿ ಕಾಯುವ ತಿಂಗಳುಗಳಲ್ಲಿ ಅವರಿಗೆ ಕಸುಬು ಮತ್ತು ಓದು ಕಲಿಸುವ ವ್ಯವಸ್ಥೆಗೂ ಒತ್ತಾಸೆಯಾಗಿ ನಿಂತನು. ಸೈನಿಕರು ಮತ್ತೆ ನಾಗರಿಕರಾಗಬೇಕೆಂಬುದನ್ನು ತಾನೂ ನಾಗರಿಕನಾಗಿದ್ದವನೇ ಚೆನ್ನಾಗಿ ಬಲ್ಲನು. ಆ ಬಳಿಕ ಸಮವಸ್ತ್ರವನ್ನು ಬದಿಗಿಟ್ಟು ವಿಕ್ಟೋರಿಯ ರಾಜ್ಯದ ವಿದ್ಯುತ್ ಆಯೋಗದ ಮುಖ್ಯಸ್ಥನಾದನು. ಯಲೂರ್ನ್ ಎಂಬಲ್ಲಿ ನೀರು ತುಂಬಿದ ಕಂದು ಕಲ್ಲಿದ್ದಲನ್ನು ಉರಿಸಿ ಊರೂರಿಗೆ ಬೆಳಕು ಕೊಟ್ಟನು. ಜನರಲ್ ಪದವಿಯನ್ನು ಸರ್ಕಾರವು ಅವನಿಗೆ ಕೊಟ್ಟುದು 1929ರಲ್ಲಿ, ಯುದ್ಧ ಮುಗಿದು 11 ವರ್ಷಗಳಾದ ಮೇಲೆ. ಆರ್ಥಿಕ ಮುಗ್ಗಟ್ಟಿನ ದಿನಗಳಲ್ಲಿ ದೇಶದ ಸರ್ವಾಧಿಕಾರವನ್ನು ವಹಿಸಿಕೊಳ್ಳಬೇಕೆಂದು ಕೆಲವರು ಅವನನ್ನು ಒತ್ತಾಯಪಡಿಸಿದರು. ಸರ್ಕಾರವನ್ನು ಬದಲಿಸುವ ಹಕ್ಕು ಮತದಾರರದು ಎಂದು ತಿಳಿದಿದ್ದ ಮೊನಾಷನು ಆ ಮಾತನ್ನು ತಳ್ಳಿಹಾಕಿದನು. 1931ರ ಫೆಬ್ರವರಿಯಲ್ಲಿ ಹೊಸದಿಲ್ಲಿಯ ಉದ್ಘಾಟನೆ ನಡೆದಾಗ ತನ್ನ ದೇಶದ ಪ್ರತಿನಿಧಿಯಾಗಿ ಭಾರತಕ್ಕೆ ಬಂದುಹೋದನು. ಅದೇ ವರ್ಷ ಅಕ್ಟೋಬರ್ 8ರಂದು ತೀರಿಕೊಂಡನು. ಅಂತ್ಯಯಾತ್ರೆಗೆ ಎರಡೂವರೆ ಲಕ್ಷಕ್ಕೂ ಹೆಚ್ಚು ಜನ ನೆರೆದಿದ್ದರೆಂದು ಹೇಳುತ್ತಾರೆ. ಅವನ ಸಮಾಧಿಯ ಕಲ್ಲಿನ ಮೇಲೆ ಪದವಿಗಳಿಲ್ಲ, ಬಿರುದುಗಳಿಲ್ಲ, ಬರಿಯ ಹೆಸರಿದೆ.

ಸ್ವತಂತ್ರ ಭಾರತವೂ ಇಂಥ ಸೈನಿಕರಿಗೆ ಸ್ಥಾನ ಕೊಟ್ಟಿದೆ. 1949ರ ಅಕ್ಟೋಬರ್ 9ರಂದು ಗವರ್ನರ್ ಜನರಲ್ ರಾಜಗೋಪಾಲಾಚಾರಿಯವರು ನಮ್ಮ ಟೆರಿಟೋರಿಯಲ್ ಆರ್ಮಿಯನ್ನು ಉದ್ಘಾಟಿಸಿದರು. ನಮ್ಮ ಕಾಲೇಜಿನ ಮೈದಾನದಲ್ಲಿ ಎನ್.ಸಿ.ಸಿ. ಕವಾಯತು ನಡೆಯುವಾಗ ಮೆಟ್ಟಿಲ ಮೇಲೆ ಕುಳಿತು ನಗುವ ಮಿತ್ರರೂ ಇದ್ದಾರೆ. ಅವರಲ್ಲಿ ನನ್ನದೊಂದು ವಿನಂತಿ. 1884ರಲ್ಲಿ ಮೆಲ್ಬರ್ನಿನ ವಿದ್ಯಾರ್ಥಿಗಳ ತುಕಡಿಯೊಂದರಲ್ಲಿ ಹೆಜ್ಜೆ ಹಾಕುತ್ತಿದ್ದ, ಒಮ್ಮೆ ನಪಾಸಾಗಿದ್ದ, 19 ವರ್ಷದ ಹುಡುಗನನ್ನು ನೋಡಿ ನಕ್ಕವರೂ ಇದ್ದಿರಬೇಕು. ಖಾಯಂ ಸೈನಿಕನಿಗೆ ಸಲ್ಲುವ ಗೌರವದಲ್ಲಿ ಎಳ್ಳಷ್ಟೂ ಕಡಿಮೆಯಾಗುವುದು ಬೇಡ. ಆದರೆ ಎರಡು ಕೆಲಸಗಳ ಭಾರವನ್ನು ಒಂದೇ ಹೆಗಲಿನ ಮೇಲೆ ಹೊತ್ತವನನ್ನು ಅರ್ಧ ಸೈನಿಕನೆಂದು ಕರೆಯುವ ಮೊದಲು, ಅವನ ಇನ್ನೊಂದು ಕೆಲಸ ಯಾವುದು, ಅದು ಅವನಿಗೆ ಏನನ್ನು ಕಲಿಸಿದೆ ಎಂದು ಒಮ್ಮೆ ಕೇಳಿ ನೋಡಬೇಕು.