ಶಾಲೆಯ ಮೆಟ್ಟಿಲು ಹತ್ತದವರು ತೆರೆದ ಬಾಗಿಲು

ಪ್ರತಿ ವರ್ಷ ನವೆಂಬರ್ 11ರಂದು ರಾಷ್ಟ್ರೀಯ ಶಿಕ್ಷಣ ದಿನ ಬರುತ್ತದೆ. ಮೌಲಾನಾ ಅಬುಲ್ ಕಲಾಂ ಆಜಾದ್ ಅವರ ಫೋಟೋಗೆ ಹೂವಿನ ಹಾರ ಹಾಕುತ್ತೇವೆ, ಇಬ್ಬರು ಭಾಷಣ ಮಾಡುತ್ತಾರೆ, ಆಮೇಲೆ ಸಿಹಿ ಹಂಚುತ್ತೇವೆ. ಸ್ವತಂತ್ರ ಭಾರತದ ಮೊದಲ ಶಿಕ್ಷಣ ಮಂತ್ರಿ ಎಂಬ ಸಾಲು ನಮಗೆಲ್ಲ ಬಾಯಿಪಾಠ. ಆ ಸಾಲಿನ ಆಚೆಗೆ ನನಗೂ ಹೆಚ್ಚು ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳಬೇಕು ಅನ್ನಿಸಿದ್ದು ನಮ್ಮ ಮನೆಯಲ್ಲಿ ನಡೆದ ಒಂದು ಮಾತಿನಿಂದ.

ನಮ್ಮ ಮನೆ ಪೀಣ್ಯ ಕೈಗಾರಿಕಾ ಪ್ರದೇಶದ ಹತ್ತಿರ. ಅಬ್ಬಾ ಒಂದು ವರ್ಕ್‌ಶಾಪ್‌ನಲ್ಲಿ ಲೇತ್ ಕೆಲಸ ಮಾಡುತ್ತಾರೆ. ಪಕ್ಕದ ಬಿಲ್ಡಿಂಗಿನ ಮೂರನೇ ಮಹಡಿಯಲ್ಲಿ ಸುಡಾನ್ ದೇಶದ ಒಬ್ಬ ವಿದ್ಯಾರ್ಥಿ ಇದ್ದಾರೆ. ಜುಮಾ ನಮಾಜಿಗೆ ಅಬ್ಬಾ ಜೊತೆ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ನಮ್ಮ ಸರ್ಕಾರವೇ ವಿದ್ಯಾರ್ಥಿವೇತನ ಕೊಟ್ಟು ಅವರನ್ನು ಓದಿಸುತ್ತಿದೆ ಎಂದು ಅಬ್ಬಾಗೆ ಗೊತ್ತಾದ ದಿನ, ರಾತ್ರಿ ಊಟಕ್ಕೆ ಕೂತಾಗ ಒಂದು ಪ್ರಶ್ನೆ ಕೇಳಿದರು. ನಿನ್ನ ಸ್ಕಾಲರ್‌ಶಿಪ್ ಅರ್ಜಿ ಹಾಕಿ ಎಂಟು ತಿಂಗಳಾಯಿತು, ಇನ್ನೂ ಬಂದಿಲ್ಲ. ನಮ್ಮ ಮಕ್ಕಳಿಗೇ ಸಿಗದಿರುವಾಗ ಹೊರದೇಶದವರಿಗೆ ಯಾಕೆ ಕೊಡಬೇಕು ಎಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಹುಡುಕುತ್ತಾ ಹೋದಾಗ ನನ್ನ ಮುಂದೆ ಬಂದು ನಿಂತವರು ಫೋಟೋದಲ್ಲಿದ್ದ ಅದೇ ಮೌಲಾನಾ. ಅವರ ಜೀವನವನ್ನು ಈ ಪ್ರಶ್ನೆ ಇಟ್ಟುಕೊಂಡೇ ಓದಿದೆ. ನಿಮಗೂ ಹಾಗೆಯೇ ಹೇಳುತ್ತೇನೆ.

ಆಜಾದರು ಹುಟ್ಟಿದ್ದು 1888ರ ನವೆಂಬರ್ 11ರಂದು, ಭಾರತದಲ್ಲಲ್ಲ, ಮಕ್ಕಾದಲ್ಲಿ. ತಂದೆ ಮೌಲಾನಾ ಖೈರುದ್ದೀನ್ ದೊಡ್ಡ ವಿದ್ವಾಂಸರು. ತಾಯಿ ಅರಬ್ ಮನೆತನದವರು. ಹಾಗಾಗಿ ಮಗು ಮೊದಲು ಕೇಳಿದ ಭಾಷೆ ಅರಬ್ಬಿ. ತಂದೆಯವರು ಜಿದ್ದಾದಲ್ಲಿ ಬಿದ್ದು ಕಾಲಿನ ಮೂಳೆ ಮುರಿದುಕೊಂಡಿದ್ದರು. ಅದು ಸರಿಯಾಗಿ ಕೂಡಿರಲಿಲ್ಲ. ಕಲ್ಕತ್ತಾದ ವೈದ್ಯರು ಸರಿಪಡಿಸಬಹುದು ಎಂಬ ಸಲಹೆಯ ಮೇಲೆ ಕುಟುಂಬ ಅಲ್ಲಿಗೆ ಬಂತು, ಶಿಷ್ಯರ ಒತ್ತಾಯಕ್ಕೆ ಅಲ್ಲೇ ಉಳಿಯಿತು. ಆಗ ಮಗುವಿಗೆ ಎರಡು ವರ್ಷ. ಬಂದ ಸ್ವಲ್ಪ ಸಮಯದಲ್ಲೇ ತಾಯಿ ತೀರಿಕೊಂಡರು. ಮುಂದೆ ಇಡೀ ದೇಶಕ್ಕೆ ಶಿಕ್ಷಣ ಮಂತ್ರಿಯಾದವರು ಈ ನೆಲಕ್ಕೆ ಬಂದಿದ್ದು ಹೊರಗಿನಿಂದ, ಭಾಷೆ ಬೇರೆಯಾಗಿದ್ದ ಮಗುವಾಗಿ. ಇದು ನನಗೆ ಮೊದಲ ಆಶ್ಚರ್ಯ.

ಎರಡನೇ ಆಶ್ಚರ್ಯ, ಅವರು ಯಾವ ಶಾಲೆಗೂ ಹೋಗಲಿಲ್ಲ. ತಂದೆಗೆ ಇಂಗ್ಲಿಷ್ ಶಿಕ್ಷಣದಲ್ಲಿ ನಂಬಿಕೆ ಇರಲಿಲ್ಲ. ಕಲ್ಕತ್ತಾದ ಮದರಸಾ ಬಗ್ಗೆಯೂ ಒಳ್ಳೆಯ ಅಭಿಪ್ರಾಯ ಇರಲಿಲ್ಲ. ಮೊದಲು ತಾವೇ ಕಲಿಸಿದರು, ಆಮೇಲೆ ಒಂದೊಂದು ವಿಷಯಕ್ಕೆ ಒಬ್ಬೊಬ್ಬ ಗುರುವನ್ನು ಮನೆಗೇ ಕರೆಸಿದರು. ಪಾರಸಿ, ಅರಬ್ಬಿ, ತತ್ವಶಾಸ್ತ್ರ, ಗಣಿತ. ಬೇರೆಯವರು ಇಪ್ಪತ್ತರಿಂದ ಇಪ್ಪತ್ತೈದು ವರ್ಷದ ಒಳಗೆ ಮುಗಿಸುತ್ತಿದ್ದ ಪಾಠಕ್ರಮವನ್ನು ಅವರು ಹದಿನಾರಕ್ಕೇ ಮುಗಿಸಿದರು. ಕಲಿತಿದ್ದನ್ನು ಇನ್ನೊಬ್ಬರಿಗೆ ಕಲಿಸಿ ತೋರಿಸಬೇಕು ಎಂಬುದು ಆಗಿನ ಪದ್ಧತಿ. ಅದರಂತೆ ತಂದೆ ಹದಿನೈದು ವಿದ್ಯಾರ್ಥಿಗಳನ್ನು ಸೇರಿಸಿ ಮಗನ ಮುಂದೆ ಕೂರಿಸಿದರು. ನಮ್ಮ ವಯಸ್ಸಿನಲ್ಲಿ ಅವರು ಮೇಷ್ಟರಾಗಿದ್ದರು.

ಅಷ್ಟರಲ್ಲಿ ಸರ್ ಸೈಯದ್ ಅಹ್ಮದ್ ಖಾನರ ಬರಹಗಳು ಕೈಗೆ ಸಿಕ್ಕವು. ಆಧುನಿಕ ವಿಜ್ಞಾನ ಓದದೆ ಈ ಕಾಲದ ವಿದ್ಯಾವಂತ ಆಗಲು ಸಾಧ್ಯವಿಲ್ಲ ಎಂದು ಮನಸ್ಸಿಗೆ ಬಂತು. ಒಬ್ಬ ಮೌಲ್ವಿ ಸಾಹೇಬರ ಹತ್ತಿರ ಇಂಗ್ಲಿಷ್ ಅಕ್ಷರ ಕಲಿತು, ಒಂದು ಮೊದಲ ಪಾಠಪುಸ್ತಕ ಓದಿದರು. ಆಮೇಲೆ ಬೈಬಲ್ಲಿನ ಇಂಗ್ಲಿಷ್, ಪಾರಸಿ, ಉರ್ದು ಪ್ರತಿಗಳನ್ನು ಒಟ್ಟಿಗೆ ಇಟ್ಟುಕೊಂಡು ಹೋಲಿಸಿ ಹೋಲಿಸಿ ಓದಿದರು. ಡಿಕ್ಷನರಿ ಹಿಡಿದು ಇಂಗ್ಲಿಷ್ ಪತ್ರಿಕೆ ಓದಿದರು. ಮನೆಯಲ್ಲಿ ಉರ್ದು ಮಾತಾಡಿ, ಕನ್ನಡದಲ್ಲಿ ನೋಟ್ಸ್ ಬರೆದು, ಇಂಗ್ಲಿಷಿನಲ್ಲಿ ಅಕೌಂಟೆನ್ಸಿ ಓದುವ ನಮ್ಮಂಥವರಿಗೆ ಈ ಕಷ್ಟ ಏನೆಂದು ಹೇಳಿಕೊಡಬೇಕಾಗಿಲ್ಲ.

ಸಂಪ್ರದಾಯದ ಕಟ್ಟುಗಳಿಂದ ಬಿಡಿಸಿಕೊಂಡ ಗುರುತಿಗೆ ಆಜಾದ್ ಎಂಬ ಹೆಸರು ಇಟ್ಟುಕೊಂಡರು. ಆಜಾದ್ ಎಂದರೆ ಸ್ವತಂತ್ರ. 1908ರ ಸುಮಾರಿಗೆ ಇರಾಕ್, ಈಜಿಪ್ಟ್, ಸಿರಿಯಾ, ಟರ್ಕಿ ಸುತ್ತಿದರು. ಇರಾಕಿನಲ್ಲಿ ಇರಾನಿನ ಕ್ರಾಂತಿಕಾರಿಗಳು, ಕೈರೋದಲ್ಲಿ ಮುಸ್ತಫಾ ಕಾಮಿಲ್ ಪಾಷಾ ಅವರ ಅನುಯಾಯಿಗಳು ಸಿಕ್ಕರು. ಭಾರತದ ಮುಸ್ಲಿಮರು ದೇಶದ ಸ್ವಾತಂತ್ರ್ಯದ ಹೋರಾಟದಿಂದ ಯಾಕೆ ದೂರ ಇದ್ದಾರೆ ಎಂದು ಅವರೆಲ್ಲ ಇವರನ್ನು ಕೇಳಿದರು. ಆ ಪ್ರಶ್ನೆಯನ್ನು ಹೊತ್ತುಕೊಂಡೇ ಇವರು ಊರಿಗೆ ಮರಳಿದರು.

ಈ ಪ್ರವಾಸದಿಂದ ಒಂದು ತಪ್ಪು ಸುದ್ದಿಯೂ ಹುಟ್ಟಿತು. ಆಜಾದರು ಕೈರೋದ ಅಲ್ ಅಜ್ಹರ್ ವಿಶ್ವವಿದ್ಯಾಲಯದಲ್ಲಿ ಓದಿದವರು ಎಂದು ಬಹಳ ಜನ ನಂಬಿದ್ದರು, ಪುಸ್ತಕದಲ್ಲೂ ಬರೆದರು. ಅದು ನಿಜವಲ್ಲ ಎಂದು ಅವರೇ ಆಮೇಲೆ ಸ್ಪಷ್ಟಪಡಿಸಿದರು. ನೋಡಲು ಹೋಗಿದ್ದು ಹೌದು, ಓದಿದ್ದು ಇಲ್ಲ. ಆ ಕಾಲದ ಅಲ್ಲಿನ ಬೋಧನೆ ಅವರಿಗೆ ಇಷ್ಟವೂ ಆಗಲಿಲ್ಲ. ದೊಡ್ಡ ಹೆಸರಿನ ಒಂದು ಡಿಗ್ರಿ ತಾನಾಗಿಯೇ ಬಂದು ಅಂಟಿಕೊಂಡಾಗ ಬೇಡ ಎಂದು ಹೇಳುವವರು ಎಷ್ಟು ಜನ? ಕೈರೋ ಇರುವುದು ಆಫ್ರಿಕಾ ಖಂಡದಲ್ಲಿ. ಆಫ್ರಿಕಾಕ್ಕೆ ಹೋಗಿ ಓದಿದರು ಎಂದು ಸುಳ್ಳೇ ಹೆಸರಾಗಿದ್ದ ಈ ವ್ಯಕ್ತಿ ಮುಂದೆ ಆಫ್ರಿಕಾದ ಮಕ್ಕಳು ಭಾರತಕ್ಕೆ ಬಂದು ಓದುವುದಕ್ಕೆ ದಾರಿ ಮಾಡಿದರು.

1912ರಲ್ಲಿ ಕಲ್ಕತ್ತಾದಿಂದ ಅಲ್ ಹಿಲಾಲ್ ಎಂಬ ಉರ್ದು ವಾರಪತ್ರಿಕೆ ಶುರು ಮಾಡಿದರು. ಎರಡು ವರ್ಷದೊಳಗೆ ವಾರಕ್ಕೆ 26,000 ಪ್ರತಿಗಳು ಹೋಗುತ್ತಿದ್ದವು. ಬ್ರಿಟಿಷ್ ಸರ್ಕಾರ ಮೊದಲು 2,000 ರೂಪಾಯಿ ಠೇವಣಿ ಕೇಳಿ ಅದನ್ನು ಮುಟ್ಟುಗೋಲು ಹಾಕಿತು. ಆಮೇಲೆ 10,000 ಕೇಳಿತು, ಅದೂ ಹೋಯಿತು. ಕೊನೆಗೆ ಪ್ರೆಸ್ ಕೂಡ ಹೋಯಿತು. 1916ರಲ್ಲಿ ಬಂಗಾಳದಿಂದಲೇ ಹೊರಗೆ ಹಾಕಿ ರಾಂಚಿಯಲ್ಲಿ ಬಂಧನದಲ್ಲಿಟ್ಟರು. ಬಿಡುಗಡೆಯಾಗಿದ್ದು 1920ರ ಜನವರಿಯಲ್ಲಿ. ಅಲ್ಲಿಂದ ಗಾಂಧೀಜಿಯವರ ಜೊತೆ. 1923ರಲ್ಲಿ ಕಾಂಗ್ರೆಸ್ಸಿನ ದೆಹಲಿ ವಿಶೇಷ ಅಧಿವೇಶನಕ್ಕೆ ಅಧ್ಯಕ್ಷರಾದಾಗ ಅವರಿಗೆ 35 ಕೂಡ ತುಂಬಿರಲಿಲ್ಲ.

1940ರಿಂದ 1946ರವರೆಗೆ ಮತ್ತೆ ಅಧ್ಯಕ್ಷರಾಗಿದ್ದರು. ಕ್ವಿಟ್ ಇಂಡಿಯಾ ಚಳವಳಿಯ ಆಗಸ್ಟ್ 1942ರಲ್ಲಿ ಬಂಧಿಸಿ ಅಹ್ಮದ್‌ನಗರ ಕೋಟೆಯಲ್ಲಿಟ್ಟರು. ಅವರು ಅಲ್ಲಿದ್ದಾಗಲೇ 1943ರಲ್ಲಿ ಕಲ್ಕತ್ತಾದಲ್ಲಿ ಪತ್ನಿ ಜುಲೈಖಾ ಬೇಗಂ ಖಾಯಿಲೆಯಿಂದ ತೀರಿಕೊಂಡರು. ಹೆಂಡತಿಯನ್ನು ನೋಡಲು ಬಿಡಿ ಎಂದು ಬ್ರಿಟಿಷ್ ಸರ್ಕಾರದ ಮುಂದೆ ಬೇಡಲು ಆಜಾದರು ಒಪ್ಪಲಿಲ್ಲ. ಆ ಕೋಟೆಯೊಳಗೆ ಕೂತು ಒಬ್ಬ ಗೆಳೆಯರಿಗೆಂದು ಬರೆದ, ಕಳುಹಿಸಲಾಗದ ಪತ್ರಗಳೇ ಗುಬಾರ್ ಎ ಖಾತಿರ್ ಎಂಬ ಪುಸ್ತಕ. ನಮ್ಮ ದಾದಾ ಅವರ ಪೆಟ್ಟಿಗೆಯಲ್ಲಿ ಅದರ ಹಳೆಯ ಪ್ರತಿ ಇದೆ.

1947ರಲ್ಲಿ ದೇಶ ಸ್ವತಂತ್ರವಾಯಿತು, ಎರಡು ಭಾಗವೂ ಆಯಿತು. ವಿಭಜನೆ ಬೇಡ ಎಂದು ಕೊನೆಯವರೆಗೂ ಹೇಳಿದ್ದ ಆಜಾದರು ಶಿಕ್ಷಣ ಮಂತ್ರಿಯಾದರು. ಶಾಲೆಗೇ ಹೋಗದವರ ಕೈಗೆ ಕೋಟ್ಯಂತರ ಮಕ್ಕಳ ಶಾಲೆ ಬಂತು. 1951ರ ಜನಗಣತಿ ಪ್ರಕಾರ ದೇಶದ ಸಾಕ್ಷರತೆ ಶೇಕಡಾ 18ರ ಆಸುಪಾಸಿನಲ್ಲಿತ್ತು. ಅಂದರೆ ನೂರು ಜನರಲ್ಲಿ ಎಂಬತ್ತಕ್ಕೂ ಹೆಚ್ಚು ಜನರಿಗೆ ಓದಲು ಬರುತ್ತಿರಲಿಲ್ಲ. 1948ರಲ್ಲಿ ಡಾ. ರಾಧಾಕೃಷ್ಣನ್ ಅಧ್ಯಕ್ಷತೆಯಲ್ಲಿ ವಿಶ್ವವಿದ್ಯಾಲಯ ಶಿಕ್ಷಣ ಆಯೋಗ, 1951ರಲ್ಲಿ ಖರಗ್‌ಪುರದಲ್ಲಿ ಮೊದಲ ಐಐಟಿ, 1953ರಲ್ಲಿ ಯುಜಿಸಿ. ಸಾಹಿತ್ಯ, ಸಂಗೀತ ನಾಟಕ, ಲಲಿತ ಕಲಾ ಅಕಾಡೆಮಿಗಳು ಕೂಡ ಅವರ ಕಾಲದಲ್ಲೇ ಬಂದವು. ಇದೆಲ್ಲ ನಮ್ಮ ಭಾಷಣಗಳಲ್ಲಿ ಇರುತ್ತದೆ. ಇರದ ವಿಷಯ ಒಂದಿದೆ.

1949ರ ಹೊತ್ತಿಗೆ ಭಾರತ ಸರ್ಕಾರ ಏಷ್ಯಾ ಮತ್ತು ಆಫ್ರಿಕಾದ ವಿದ್ಯಾರ್ಥಿಗಳಿಗೆ ಇಲ್ಲಿ ಬಂದು ಓದಲು ವಿದ್ಯಾರ್ಥಿವೇತನ ಕೊಡುವ ಯೋಜನೆ ಶುರು ಮಾಡಿತು. 1950ರಲ್ಲಿ ಆಜಾದರು ಭಾರತೀಯ ಸಾಂಸ್ಕೃತಿಕ ಸಂಬಂಧಗಳ ಪರಿಷತ್ತು, ಅಂದರೆ ಐಸಿಸಿಆರ್ ಸ್ಥಾಪಿಸಿದರು. ಅದಕ್ಕೆ ಮೊದಲ ಅಧ್ಯಕ್ಷರೂ ಅವರೇ. ಇವತ್ತು ಹೊರದೇಶದ ವಿದ್ಯಾರ್ಥಿಗಳಿಗೆ ಭಾರತ ಕೊಡುವ ವಿದ್ಯಾರ್ಥಿವೇತನಗಳನ್ನು ನೋಡಿಕೊಳ್ಳುವ ಮುಖ್ಯ ಸಂಸ್ಥೆ ಅದು. ಬೆಂಗಳೂರಿನಲ್ಲೂ ಅದರ ಕಚೇರಿ ಇದೆ.

ಆ ಕಾಲದ ಆಫ್ರಿಕಾವನ್ನು ಒಮ್ಮೆ ನೆನೆಯಿರಿ. 1950ರಲ್ಲಿ ಆ ಇಡೀ ಖಂಡದಲ್ಲಿ ಸ್ವತಂತ್ರ ಎಂದು ಲೆಕ್ಕಕ್ಕಿದ್ದ ದೇಶಗಳು ನಾಲ್ಕೇ: ಈಜಿಪ್ಟ್, ಇಥಿಯೋಪಿಯಾ, ಲೈಬೀರಿಯಾ ಮತ್ತು ದಕ್ಷಿಣ ಆಫ್ರಿಕಾ. ದಕ್ಷಿಣ ಆಫ್ರಿಕಾದಲ್ಲಿ ಅಧಿಕಾರ ಬಿಳಿಯರದ್ದು. ಸುಡಾನ್ ಸ್ವತಂತ್ರವಾಗಿದ್ದು 1956ರಲ್ಲಿ, ಘಾನಾ 1957ರಲ್ಲಿ. ಬ್ರಿಟಿಷರ ಪೂರ್ವ ಆಫ್ರಿಕಾದಲ್ಲಿ ಉನ್ನತ ಶಿಕ್ಷಣ ಎಂದರೆ ಕಂಪಾಲಾದ ಮಕೆರೆರೆ ಕಾಲೇಜು. ಅಲ್ಲಿ ಸೀಟು ಸಿಗದವರು, ಅಲ್ಲಿಲ್ಲದ ವಿಷಯ ಓದಬೇಕಾದವರು ಸಮುದ್ರ ದಾಟಲೇಬೇಕಿತ್ತು. ಆಗ ತಾನೇ ಬಿಡುಗಡೆಯಾದ ಬಡ ದೇಶವೊಂದು, ಇನ್ನೂ ಬಿಡುಗಡೆಯಾಗದ ದೇಶಗಳ ಮಕ್ಕಳಿಗೆ ಬನ್ನಿ, ಓದಿ ಎಂದು ಕರೆಯಿತು.

ಕೊಡಲು ಕೈತುಂಬ ಇತ್ತೆಂದು ಭಾರತ ಕೊಡಲಿಲ್ಲ. ನೂರರಲ್ಲಿ ಹದಿನೆಂಟು ಜನ ಮಾತ್ರ ಓದು ಬಲ್ಲ ಮನೆಯಿಂದ ಕೊಟ್ಟಿತು. ಅಬ್ಬಾ ಕೇಳಿದ ಪ್ರಶ್ನೆ ಆಗಲೂ ಕೇಳಬಹುದಾಗಿದ್ದ ಪ್ರಶ್ನೆಯೇ. ಕಾಮರ್ಸ್ ವಿದ್ಯಾರ್ಥಿಯಾಗಿ ನನಗೆ ಹೊಳೆದಿದ್ದು ಇಷ್ಟು. ನಾವು ಪಾಲುದಾರಿಕೆ ಪಾಠದಲ್ಲಿ ಗುಡ್‌ವಿಲ್ ಲೆಕ್ಕ ಮಾಡುತ್ತೇವೆ. ಅದು ಗೋದಾಮಿನಲ್ಲಿ ಇರುವುದಿಲ್ಲ, ಮುಟ್ಟಲು ಬರುವುದಿಲ್ಲ, ಆದರೂ ಆಸ್ತಿಯ ಕಡೆಗೇ ಬರೆಯುತ್ತೇವೆ. ನಮ್ಮವರೂ ಇಂಥ ನೆರವು ಪಡೆದೇ ಮೇಲೆ ಬಂದವರು. ಡಾ. ಅಂಬೇಡ್ಕರ್ 1913ರಲ್ಲಿ ಬರೋಡಾ ಮಹಾರಾಜರ ವಿದ್ಯಾರ್ಥಿವೇತನದಿಂದ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ಆ ಹಣದ ಲಾಭ ಬರೋಡಾಕ್ಕೆ ಮಾತ್ರ ಸಿಕ್ಕಿತೇ?

ಭಾರತ ತೆರೆದ ಬಾಗಿಲಿನಿಂದ ಬಂದವರ ಪೈಕಿ ನಮ್ಮ ವಿಭಾಗದವರು ಹೆಮ್ಮೆಪಡುವ ಒಬ್ಬರಿದ್ದಾರೆ. 1960ರ ದಶಕದಲ್ಲಿ ಮಲಾವಿ ದೇಶದಿಂದ ಭಾರತದ ವಿದ್ಯಾರ್ಥಿವೇತನ ಪಡೆದು ಬಂದ ಬಿಂಗು ವಾ ಮುತಾರಿಕಾ ದೆಹಲಿಯ ಶ್ರೀರಾಮ್ ಕಾಲೇಜ್ ಆಫ್ ಕಾಮರ್ಸ್‌ನಲ್ಲಿ ಬಿ.ಕಾಂ ಓದಿದರು. ಆಮೇಲೆ ದೆಹಲಿಯಲ್ಲೇ ಅರ್ಥಶಾಸ್ತ್ರದಲ್ಲಿ ಎಂ.ಎ. 2004ರಲ್ಲಿ ಅವರು ಮಲಾವಿಯ ಅಧ್ಯಕ್ಷರಾದರು. ನಮ್ಮ ಕರ್ನಾಟಕಕ್ಕಂತೂ ಈ ನಂಟು ಇನ್ನೂ ಹಳೆಯದು. ಕೀನ್ಯಾದ ಎರಡನೇ ಉಪಾಧ್ಯಕ್ಷರಾದ ಜೋಸೆಫ್ ಮುರುಂಬಿ ಅವರ ತಂದೆ ಗೋವಾದವರು, ತಾಯಿ ಮಸಾಯಿ ಬುಡಕಟ್ಟಿನವರು. ಅವರು ಬಾಲ್ಯದಲ್ಲಿ ಓದಿದ್ದು ಬೆಂಗಳೂರು ಮತ್ತು ಬಳ್ಳಾರಿಯ ಶಾಲೆಗಳಲ್ಲಿ. ಅವರ ಗೆಳೆಯ, ನೈರೋಬಿಯಲ್ಲಿ ಹುಟ್ಟಿದ ಸ್ವಾತಂತ್ರ್ಯ ಹೋರಾಟಗಾರ ಪಿಯೋ ಗಾಮಾ ಪಿಂಟೋ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದವರು.

1958ರ ಫೆಬ್ರವರಿ 22ರಂದು ಆಜಾದರು ದೆಹಲಿಯಲ್ಲಿ ತೀರಿಕೊಂಡರು. ಕೊನೆಯವರೆಗೂ ಮಂತ್ರಿಯಾಗಿಯೇ ಇದ್ದರು. ಜಾಮಾ ಮಸೀದಿ ಮತ್ತು ಕೆಂಪು ಕೋಟೆಯ ನಡುವೆ ಅವರ ಸಮಾಧಿ ಇದೆ. 1992ರಲ್ಲಿ ಭಾರತ ರತ್ನ ಬಂತು. ಅವರ ಸ್ವಂತ ಪುಸ್ತಕ ಸಂಗ್ರಹ ಈಗ ಐಸಿಸಿಆರ್ ಗ್ರಂಥಾಲಯದಲ್ಲಿದೆ. ಆ ಸಂಸ್ಥೆಯ ದೆಹಲಿ ಕಟ್ಟಡದ ಹೆಸರೇ ಆಜಾದ್ ಭವನ.

ಬಾಗಿಲು ತೆರೆಯುವುದು ಮಂತ್ರಿಯ ಕೈಯಲ್ಲಿತ್ತು. ಒಳಗೆ ಬಂದವರನ್ನು ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ. ಅದರಲ್ಲಿ ನಾವು ಸೋತ ದಿನಗಳಿವೆ. 2016ರ ಜನವರಿ 31ರಂದು ನಮ್ಮ ಕಡೆಯ ಹೆಸರಘಟ್ಟ ರಸ್ತೆಯ ಸಮೀಪ ಆಫ್ರಿಕಾದ ಒಬ್ಬರು ಓಡಿಸುತ್ತಿದ್ದ ಕಾರಿಗೆ ಸಿಕ್ಕಿ ಸ್ಥಳೀಯ ಮಹಿಳೆಯೊಬ್ಬರು ಸತ್ತರು. ಸ್ವಲ್ಪ ಹೊತ್ತಿನ ನಂತರ ಬೇರೆ ಕಾರಿನಲ್ಲಿ ಆ ದಾರಿಯಲ್ಲಿ ಬಂದ ಟಾಂಜಾನಿಯಾದ ವಿದ್ಯಾರ್ಥಿನಿಯನ್ನು ಗುಂಪೊಂದು ಎಳೆದು ಹೊಡೆಯಿತು, ಕಾರು ಸುಟ್ಟಿತು. ಅಪಘಾತಕ್ಕೂ ಆಕೆಗೂ ಯಾವ ಸಂಬಂಧವೂ ಇರಲಿಲ್ಲ. ಸತ್ತ ಮಹಿಳೆಯ ಮನೆಯವರ ದುಃಖ ನಿಜ. ಆದರೆ ಒಬ್ಬರ ತಪ್ಪಿಗೆ ಅದೇ ಬಣ್ಣದ ಇನ್ನೊಬ್ಬರನ್ನು ಹೊಡೆಯುವುದು ಯಾವ ನ್ಯಾಯ? ಈ ಲೆಕ್ಕ ನಮ್ಮ ಮೇಲೂ ಬೀಳಬಹುದು ಎಂದು ನಮಗೆ ಗೊತ್ತಿರಬೇಕು.

ಪಕ್ಕದ ಮನೆಯ ಅಣ್ಣನಿಗೆ ಮನೆ ಸಿಗಲು ಎರಡು ತಿಂಗಳು ಬೇಕಾಯಿತಂತೆ. ಸಿಕ್ಕ ಮನೆಗೂ ಉಳಿದವರಿಗಿಂತ ಮೂರು ಸಾವಿರ ಹೆಚ್ಚು ಬಾಡಿಗೆ. ಆಜಾದರ ಬಾಲ್ಯದ ಭಾಷೆ ಅವರ ಮನೆಯ ಭಾಷೆಯೂ ಹೌದು. ಈಗ ಬಸ್ಸಿನ ಬೋರ್ಡಿನ ಕನ್ನಡ ಓದಲು ಕಲಿಯುತ್ತಿದ್ದಾರೆ. ಜಾಲಹಳ್ಳಿ ಕ್ರಾಸ್ ಎಂದು ಅಕ್ಷರ ಕೂಡಿಸಿ ಓದಿ, ಸರಿಯಾ ಎಂದು ನನ್ನ ಕಡೆ ನೋಡುತ್ತಾರೆ.

ನಾನು ಓದಿದ್ದನ್ನೆಲ್ಲ ಅಬ್ಬಾಗೆ ಹೇಳಿದೆ. ಪೂರ್ತಿ ಒಪ್ಪಲಿಲ್ಲ. ನಿನ್ನ ಸ್ಕಾಲರ್‌ಶಿಪ್ ಕೂಡ ಬರಬೇಕು ಎಂದರು. ಅದು ಸರಿಯೇ, ನಾನೂ ಕೇಳುವುದನ್ನು ಬಿಡುವುದಿಲ್ಲ. ಆದರೆ ನನ್ನ ಅರ್ಜಿ ತಡವಾಗಿದ್ದಕ್ಕೆ ಅವರ ಅರ್ಜಿ ಕಾರಣವಲ್ಲ ಎಂಬುದನ್ನು ಅಬ್ಬಾ ಒಪ್ಪಿದರು. ನನಗೆ ಅಷ್ಟು ಸಾಕು.

ಪ್ರಾಂಶುಪಾಲರಲ್ಲಿ, ಅಧ್ಯಾಪಕರಲ್ಲಿ ಒಂದು ವಿನಂತಿ. ಮುಂದಿನ ನವೆಂಬರ್ 11ಕ್ಕೆ ಸುತ್ತಮುತ್ತ ಇರುವ ಆಫ್ರಿಕಾದ ನಾಲ್ಕು ವಿದ್ಯಾರ್ಥಿಗಳನ್ನು ನಮ್ಮ ಕಾರ್ಯಕ್ರಮಕ್ಕೆ ಕರೆಯೋಣ. ಭಾಷಣ ಅವರು ಮಾಡಲಿ, ನಾವು ಕೇಳೋಣ. ಫೋಟೋದಲ್ಲಿರುವ ಮೌಲಾನಾ ಅವರಿಗೆ ಹಾರಕ್ಕಿಂತ ಅದು ಹೆಚ್ಚು ಒಪ್ಪುತ್ತದೆ.

— ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ